ಒಂದೇ ಪರೀಕ್ಷೆಯನ್ನು ಗುರಿಯಾಗಿಟ್ಟುಕೊಂಡು ಓದುವುದು ಹೇಗೆ: ಸ್ಪರ್ಧಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

‘ಕೆಎಎಸ್‌ಗೆ ಓದುತ್ತಿದ್ದೇನೆ, ನಡುವೆ ಪಿಡಿಒ ಅಧಿಸೂಚನೆ ಬಂದಿದೆ, ಅದಕ್ಕೂ ಓದಬೇಕೇ?’ ‘ಬ್ಯಾಂಕ್ ಪರೀಕ್ಷೆಗೆ ಆರು ತಿಂಗಳು ತಯಾರಿ ಮಾಡಿದ್ದೆ, ಈಗ ಪಿಎಸ್‌ಐ ಹುದ್ದೆಗಳು ಬರುತ್ತವೆ ಎನ್ನುತ್ತಿದ್ದಾರೆ, ಏನು ಮಾಡಲಿ?’ (ಕೆಎಎಸ್ ಎಂದರೆ ಕರ್ನಾಟಕ ಆಡಳಿತ ಸೇವೆ, ಪಿಡಿಒ ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಪಿಎಸ್‌ಐ ಎಂದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್.) ಹುದ್ದೆಗಳ ಹೆಸರು ಬೇರೆಯಾದರೂ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದೊಂದೇ. ಒಬ್ಬೊಬ್ಬರಿಗೆ ಎರಡೆರಡು ಸಾಲಿನಲ್ಲಿ ಉತ್ತರಿಸುವುದರಿಂದ ಪ್ರಯೋಜನವಾಗುತ್ತಿಲ್ಲ ಎಂದು ತಿಳಿದ ಮೇಲೆ, ಇಡೀ ವಿಷಯವನ್ನು ಒಂದೆಡೆ ಕ್ರಮವಾಗಿ ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ನೀವು ಎಷ್ಟು ಪರೀಕ್ಷೆಗಳನ್ನಾದರೂ ಬರೆಯಬಹುದು, ಆದರೆ ಓದುವುದು ಒಂದೇ ಪರೀಕ್ಷೆಗೆ ಇರಬೇಕು. ಬರೆಯುವುದಕ್ಕೆ ಒಂದು ದಿನ ಸಾಕು, ಓದುವುದಕ್ಕೆ ವರ್ಷ ಬೇಕು. ಈ ಎರಡನ್ನು ಬೇರ್ಪಡಿಸಿ ನೋಡದೆ, ಅರ್ಜಿ ಹಾಕಿದ ಪ್ರತಿಯೊಂದು ಪರೀಕ್ಷೆಗೂ ಹೊಸದಾಗಿ ಪುಸ್ತಕ ಕೊಂಡು ಓದಲು ತೊಡಗುವುದರಿಂದಲೇ ಬಹಳ ಜನ ಮೂರು ನಾಲ್ಕು ವರ್ಷ ಓದಿಯೂ ಯಾವ ಪಟ್ಟಿಯಲ್ಲಿಯೂ ಹೆಸರು ಕಾಣದೆ ಉಳಿಯುತ್ತಾರೆ. ಧಾರವಾಡದ ಸಪ್ತಾಪುರದಲ್ಲಾಗಲಿ ಬೆಂಗಳೂರಿನ ವಿಜಯನಗರದಲ್ಲಾಗಲಿ ಯಾವುದಾದರೂ ಓದುಕೋಣೆಗೆ ಹೋಗಿ ಮೇಜುಗಳನ್ನು ಗಮನಿಸಿ. ಒಂದೇ ಮೇಜಿನ ಮೇಲೆ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಗೈಡು, ಬ್ಯಾಂಕಿನ ರೀಸನಿಂಗ್ ಪುಸ್ತಕ, ಎನ್‌ಸಿಇಆರ್‌ಟಿ ಇತಿಹಾಸದ ಪಠ್ಯ, ಶಿಕ್ಷಕರ ಅರ್ಹತಾ ಪರೀಕ್ಷೆಯ ಪ್ರಶ್ನೋತ್ತರ ಮಾಲೆ ಒಂದರ ಮೇಲೊಂದು ಇರುತ್ತವೆ, ಪ್ರತಿ ಪುಸ್ತಕದಲ್ಲಿಯೂ ಮೊದಲ ಅರವತ್ತು ಎಪ್ಪತ್ತು ಪುಟಗಳವರೆಗೆ ಮಾತ್ರ ಗೆರೆ ಎಳೆದಿರುತ್ತದೆ. ಆ ಓದುಗರಲ್ಲಿ ಶ್ರಮಕ್ಕೆ ಕೊರತೆಯಿಲ್ಲ. ಬೆಳಗ್ಗೆ ಏಳಕ್ಕೆ ಬಂದವರು ರಾತ್ರಿ ಹತ್ತಕ್ಕೆ ಎದ್ದು ಹೋಗುತ್ತಾರೆ. ಅಷ್ಟು ದುಡಿದವರ ದುಡಿಮೆ ನಾಲ್ಕು ದಿಕ್ಕಿಗೆ ಹರಿದು ಹೋಗುವುದನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಮೊದಲು ಲೆಕ್ಕ

ದಿನಕ್ಕೆ 6 ಗಂಟೆಯಂತೆ ವಾರಕ್ಕೆ 6 ದಿನ, ವರ್ಷಕ್ಕೆ 50 ವಾರ ಓದಿದರೆ ನಿಮ್ಮ ಕೈಯಲ್ಲಿರುವುದು 1800 ಗಂಟೆ. ಕೆಎಎಸ್ ಪರೀಕ್ಷೆಯಲ್ಲಿ ಪೂರ್ವಭಾವಿಯ (ಮೊದಲ ಸುತ್ತಿನ) ಎರಡು ಪತ್ರಿಕೆಗಳು, ಮುಖ್ಯ ಪರೀಕ್ಷೆಯಲ್ಲಿ ಅಂಕಕ್ಕೆ ಸೇರುವ ಪ್ರಬಂಧ ಮತ್ತು ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆಗಳು, ಒಟ್ಟು ಏಳು. ಆ 1800 ಗಂಟೆಗಳನ್ನೂ ಇದಕ್ಕೇ ಕೊಟ್ಟರೆ ಪತ್ರಿಕೆಯೊಂದಕ್ಕೆ ಸುಮಾರು 257 ಗಂಟೆ ಸಿಗುತ್ತದೆ. ಅದೇ ಸಮಯವನ್ನು ಕೆಎಎಸ್, ಬ್ಯಾಂಕ್ ಮತ್ತು ಪಿಎಸ್‌ಐ ಎಂದು ಮೂರು ಪಾಲು ಮಾಡಿದರೆ ಕೆಎಎಸ್‌ನ ಪಾಲಿಗೆ 600 ಗಂಟೆ, ಅಂದರೆ ಪತ್ರಿಕೆಗೆ ಸುಮಾರು 86 ಗಂಟೆ ಮಾತ್ರ ಉಳಿಯುತ್ತದೆ. ಭಾರತದ ಇತಿಹಾಸ, ಭೂಗೋಳ, ಸಂವಿಧಾನ, ಅರ್ಥಶಾಸ್ತ್ರಗಳನ್ನು ಒಮ್ಮೆ ಓದಿ ಮುಗಿಸುವುದಕ್ಕೂ ಅದು ಸಾಲದು, ಪುನರಾವರ್ತನೆಯ ಮಾತು ದೂರವೇ ಉಳಿಯಿತು. ಉದ್ಯೋಗದಲ್ಲಿದ್ದುಕೊಂಡು ವಾರಕ್ಕೆ 22 ಗಂಟೆ ಓದುವವರಿಗೆ ವರ್ಷಕ್ಕೆ ಸಿಗುವುದೇ 1100 ಗಂಟೆ. ಅಂಥವರು ಒಂದಕ್ಕಿಂತ ಹೆಚ್ಚು ಪರೀಕ್ಷೆಗೆ ಓದುವ ಯೋಚನೆಯನ್ನೇ ಕೈಬಿಡಬೇಕು.

ಗಂಟೆಗಳಷ್ಟೇ ಮುಖ್ಯವಾದ ಇನ್ನೊಂದು ವಿಷಯವಿದೆ. ಒಂದೊಂದು ಪರೀಕ್ಷೆ ಬಯಸುವುದು ಒಂದೊಂದು ಬಗೆಯ ಅಭ್ಯಾಸವನ್ನು. ಬ್ಯಾಂಕ್ ಕ್ಲರ್ಕ್ ಹುದ್ದೆಗಳಿಗೆ ಐಬಿಪಿಎಸ್ (ಬ್ಯಾಂಕ್ ನೇಮಕಾತಿ ಸಂಸ್ಥೆ) ನಡೆಸುವ ಪೂರ್ವಭಾವಿ ಪರೀಕ್ಷೆಯಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಎಂದರೆ ಪ್ರಶ್ನೆಗೆ 36 ಸೆಕೆಂಡು. ಕೆಎಎಸ್ ಪೂರ್ವಭಾವಿಯಲ್ಲಿ 120 ನಿಮಿಷಕ್ಕೆ 100 ಪ್ರಶ್ನೆ, ಪ್ರಶ್ನೆಗೆ 72 ಸೆಕೆಂಡು, ಆದರೆ ಅಲ್ಲಿ ಮೂರು ನಾಲ್ಕು ಹೇಳಿಕೆಗಳನ್ನು ಓದಿ ಯಾವುದು ಸರಿ ಎಂದು ತೂಗಿ ನೋಡಬೇಕಾಗುತ್ತದೆ. ಮುಖ್ಯ ಪರೀಕ್ಷೆಯಲ್ಲಿ ಗಂಟೆಗಟ್ಟಲೆ ಕೈಯಿಂದ ಬರೆಯಬೇಕು. ಪಿಎಸ್‌ಐಗೆ ಪ್ರಬಂಧ, ಭಾಷಾಂತರಗಳ ಜೊತೆಗೆ ಮೈದಾನದ ತಯಾರಿಯೂ ಬೇಕು: ಪುರುಷರಿಗೆ 1600 ಮೀಟರ್, ಮಹಿಳೆಯರಿಗೆ 400 ಮೀಟರ್ ಓಟ, ಜಿಗಿತ, ಗುಂಡು ಎಸೆತ. ಒಂದರ ವೇಗ ಇನ್ನೊಂದರ ನಿಧಾನಕ್ಕೆ ಅಡ್ಡಿಯಾಗುತ್ತದೆ ಎಂಬುದು ಎರಡೂ ಬಗೆಯ ಅಣಕು ಪರೀಕ್ಷೆಗಳನ್ನು ಒಂದೇ ವಾರದಲ್ಲಿ ಬರೆದವರಿಗೆ ಅನುಭವಕ್ಕೆ ಬಂದಿರುತ್ತದೆ.

ಆರಂಭಕ್ಕೆ ಬೇಕಾದವು

ಬೇಕಾಗುವುದು ಬಹಳ ಕಡಿಮೆ. ನೀವು ಯೋಚಿಸುತ್ತಿರುವ ಪ್ರತಿ ಪರೀಕ್ಷೆಯ ಕೊನೆಯ ಅಧಿಸೂಚನೆಯನ್ನು ಸಂಪೂರ್ಣವಾಗಿ ಮುದ್ರಿಸಿಕೊಳ್ಳಿ. ಅಧಿಸೂಚನೆ ಎಂದರೆ ನೇಮಕಾತಿ ಸಂಸ್ಥೆ ಹೊರಡಿಸುವ ಅಧಿಕೃತ ಪ್ರಕಟಣೆ, ವಯಸ್ಸು, ವಿದ್ಯಾರ್ಹತೆ, ಮೀಸಲಾತಿ, ಪಠ್ಯಕ್ರಮಗಳೆಲ್ಲ ಅದರಲ್ಲಿಯೇ ಇರುತ್ತವೆ. ಜೊತೆಗೆ ಹಿಂದಿನ ಮೂರು ಪರೀಕ್ಷೆಗಳ ಪ್ರಶ್ನೆಪತ್ರಿಕೆಗಳು, ನಿಮ್ಮ ಪ್ರವರ್ಗದ ಹಿಂದಿನ ಕಟ್ ಆಫ್ ಅಂಕಗಳು (ಆಯ್ಕೆಯಾದ ಕೊನೆಯ ಅಭ್ಯರ್ಥಿ ಪಡೆದ ಅಂಕ), ಇನ್ನೂರು ಪುಟದ ಎರಡು ನೋಟ್‌ಬುಕ್, ಗೋಡೆಗೆ ತೂಗುಹಾಕುವ ಒಂದು ಕ್ಯಾಲೆಂಡರ್. ಕೋಚಿಂಗ್ ಸೇರಬೇಕೇ ಬೇಡವೇ ಎಂಬುದನ್ನು ಈಗ ನಿರ್ಧರಿಸಬೇಡಿ, ಯಾವ ಪರೀಕ್ಷೆ ಎಂಬುದು ಗಟ್ಟಿಯಾದ ಮೇಲೆಯೇ ಆ ಪ್ರಶ್ನೆಗೆ ಅರ್ಥ.

ಹಂತ 1: ಹುದ್ದೆಯನ್ನು ಆರಿಸಿ, ಆಮೇಲೆ ಪರೀಕ್ಷೆಯನ್ನು

ಹೆಚ್ಚಿನವರು ಯಾವ ಪರೀಕ್ಷೆ ಸುಲಭ, ಯಾವುದರಲ್ಲಿ ಹುದ್ದೆ ಹೆಚ್ಚು ಎಂದು ನೋಡಿ ಗುರಿಯನ್ನು ಆರಿಸಿಕೊಳ್ಳುತ್ತಾರೆ. ಹುದ್ದೆಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ನೀವು ಮಾಡಬೇಕಾದ ಕೆಲಸ ಮಾತ್ರ ನಿವೃತ್ತಿಯವರೆಗೆ ಬದಲಾಗುವುದಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಬೆಳಗ್ಗೆಯಿಂದ ಸಂಜೆಯವರೆಗೆ ಏನು ಮಾಡುತ್ತಾರೆ ಎಂಬುದನ್ನು ತಿಳಿಯಬೇಕಿದ್ದರೆ ನಿಮ್ಮೂರಿನ ಗ್ರಾಮ ಪಂಚಾಯಿತಿಗೆ ಹೋಗಿ ಅರ್ಧ ದಿನ ಕುಳಿತುಕೊಳ್ಳಿ. ತೆರಿಗೆ ವಸೂಲಿ, ಕುಡಿಯುವ ನೀರಿನ ದೂರು, ಕಾಮಗಾರಿಯ ಬಿಲ್ಲು, ಸದಸ್ಯರ ನಡುವಿನ ಜಗಳ, ಇವೆಲ್ಲವನ್ನೂ ನೋಡಿದ ಮೇಲೆಯೂ ಆ ಕುರ್ಚಿ ನಿಮಗೆ ಬೇಕೆನಿಸಿದರೆ ಅದು ಸರಿಯಾದ ಆಯ್ಕೆ. ಬ್ಯಾಂಕ್ ಶಾಖೆ, ಪೊಲೀಸ್ ಠಾಣೆ, ತಾಲ್ಲೂಕು ಕಚೇರಿಗಳ ವಿಷಯದಲ್ಲಿಯೂ ಹೀಗೆಯೇ ಮಾಡಿ.

ಇದಾದ ಮೇಲೆ ಅರ್ಹತೆಯ ಲೆಕ್ಕ. ಯುಪಿಎಸ್‌ಸಿ (ಕೇಂದ್ರ ಲೋಕಸೇವಾ ಆಯೋಗ) ನಾಗರಿಕ ಸೇವಾ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರಿಗೆ 32 ವರ್ಷದವರೆಗೆ 6 ಅವಕಾಶ, ಹಿಂದುಳಿದ ವರ್ಗದವರಿಗೆ 35 ವರ್ಷದವರೆಗೆ 9 ಅವಕಾಶ ಇರುತ್ತದೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರು 37ರ ವಯಸ್ಸಿನವರೆಗೆ ಎಷ್ಟು ಬಾರಿಯಾದರೂ ಬರೆಯಬಹುದು. ಪೂರ್ವಭಾವಿಯ ಒಂದು ಪತ್ರಿಕೆಗೆ ಹಾಜರಾದರೂ ಒಂದು ಅವಕಾಶ ಮುಗಿಯಿತೆಂದೇ ಲೆಕ್ಕ. ಆದುದರಿಂದ ‘ಸುಮ್ಮನೆ ಒಮ್ಮೆ ಬರೆದು ನೋಡೋಣ’ ಎಂಬ ಮಾತು ಈ ಪರೀಕ್ಷೆಗೆ ಹೊಂದುವುದಿಲ್ಲ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರು ಸಂವಿಧಾನದ 371(ಜೆ) ವಿಧಿಯ ಅಡಿ ದೊರೆಯುವ ಸ್ಥಳೀಯ ಮೀಸಲಾತಿಯನ್ನು ಗಮನದಲ್ಲಿಟ್ಟುಕೊಂಡು ರಾಜ್ಯದ ಹುದ್ದೆಗಳನ್ನು ತೂಗಿ ನೋಡಬೇಕು. ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ, ಅರ್ಜಿಯ ಕೊನೆಯ ವಾರದಲ್ಲಿ ಕಚೇರಿಗೆ ಅಲೆಯುವಂತಾಗಬಾರದು.

ಇಲ್ಲಿ ಆಗುವ ತಪ್ಪು: ಸ್ನೇಹಿತರು ಆರಿಸಿಕೊಂಡ ಪರೀಕ್ಷೆಯನ್ನೇ ಆರಿಸಿಕೊಳ್ಳುವುದು. ಒಂದೇ ಕೋಣೆಯಲ್ಲಿ ನಾಲ್ವರು ಇದ್ದು ನಾಲ್ವರೂ ಒಂದೇ ಪುಸ್ತಕ ಓದಿದರೆ ಖರ್ಚು ಕಡಿಮೆಯಾಗುತ್ತದೆ ನಿಜ, ಆದರೆ ಗಣಿತದಲ್ಲಿ ಚುರುಕಾದವನು ಬ್ಯಾಂಕ್ ಪರೀಕ್ಷೆಯನ್ನು ಬಿಟ್ಟು ಜೊತೆಗಾರರಿಗಾಗಿ ವಿವರಣಾತ್ಮಕ ಪರೀಕ್ಷೆಗೆ ಓದುವುದು ತನಗೆ ತಾನೇ ಮಾಡಿಕೊಳ್ಳುವ ಅನ್ಯಾಯ.

ಹಂತ 2: ಗುರಿಯ ಪರೀಕ್ಷೆ ಒಂದು, ಅದಕ್ಕೆ ಹೊಂದುವ ಉಪಪರೀಕ್ಷೆ ಒಂದೋ ಎರಡೋ

ಒಂದು ಹಾಳೆಯ ಎಡಭಾಗದಲ್ಲಿ ಗುರಿಯ ಪರೀಕ್ಷೆಯ ಪಠ್ಯಕ್ರಮವನ್ನು ಅಂಶ ಅಂಶವಾಗಿ ಬರೆಯಿರಿ. ಬಲಭಾಗದಲ್ಲಿ ನೀವು ಬಿಡಲಾರೆ ಎನ್ನುತ್ತಿರುವ ಇತರ ಪರೀಕ್ಷೆಗಳ ಅಂಶಗಳನ್ನು ಬರೆದು, ಎರಡೂ ಕಡೆ ಇರುವುದಕ್ಕೆ ಗುರುತು ಹಾಕಿ. ಮೂರರಲ್ಲಿ ಎರಡು ಪಾಲಾದರೂ ಹೊಂದಿಕೆಯಾದರೆ ಮಾತ್ರ ಅದನ್ನು ಉಪಪರೀಕ್ಷೆ ಎಂದು ಇಟ್ಟುಕೊಳ್ಳಿ. ಕೆಎಎಸ್‌ಗೆ ಓದುವವರಿಗೆ ಎಫ್‌ಡಿಎ ಪರೀಕ್ಷೆಯ ಸಾಮಾನ್ಯ ಜ್ಞಾನದ ಪತ್ರಿಕೆ ಹೆಚ್ಚು ಕಷ್ಟವಿಲ್ಲದೆ ಒಗ್ಗುತ್ತದೆ. ಬ್ಯಾಂಕ್ ಪರೀಕ್ಷೆ ಒಗ್ಗುವುದಿಲ್ಲ, ಅದನ್ನು ಹಾಳೆಯಿಂದ ತೆಗೆದುಹಾಕಿ.

ವಿಷಯ ಒಂದೇ ಆದ ಮಾತ್ರಕ್ಕೆ ಓದು ಒಂದೇ ಆಗುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಪಂಚಾಯತ್ ರಾಜ್ ಎಂಬ ಒಂದು ಪಾಠವನ್ನೇ ತೆಗೆದುಕೊಳ್ಳೋಣ. ಕೆಎಎಸ್ ಪೂರ್ವಭಾವಿಗೆ ಸಂವಿಧಾನದ 73ನೇ ತಿದ್ದುಪಡಿ, ಅದು ಜಾರಿಗೆ ಬಂದ 1993ರ ಏಪ್ರಿಲ್ 24, 11ನೇ ಅನುಸೂಚಿಯ 29 ವಿಷಯಗಳು, ಮಹಿಳೆಯರಿಗೆ ಮೂರನೇ ಒಂದಕ್ಕಿಂತ ಕಡಿಮೆಯಾಗದ ಮೀಸಲಾತಿ, ಕರ್ನಾಟಕದಲ್ಲಿ ಅದು ಶೇ 50 ಆಗಿರುವುದು, ಇಷ್ಟನ್ನು ತಪ್ಪಿಲ್ಲದೆ ನೆನಪಿಟ್ಟುಕೊಂಡರೆ ಬಹುಮಟ್ಟಿಗೆ ಸಾಕಾಗುತ್ತದೆ. ಪಿಡಿಒ ಪರೀಕ್ಷೆಗೆ ಹೋದರೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣಗಳನ್ನೇ ಓದಬೇಕು. 400 ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬಂಥ ವಿವರಗಳು, ಗ್ರಾಮಸಭೆಯ ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿ), ತೆರಿಗೆ ವಿಧಿಸುವ ಅಧಿಕಾರ ಎಲ್ಲವೂ ಬೇಕು. ಕೆಎಎಸ್ ಮುಖ್ಯ ಪರೀಕ್ಷೆಗೆ ಇದೇ ಪಾಠದಿಂದ ‘ಅಧಿಕಾರ ವಿಕೇಂದ್ರೀಕರಣ ಎಷ್ಟರ ಮಟ್ಟಿಗೆ ಸಾಧ್ಯವಾಗಿದೆ, ವಿಮರ್ಶಿಸಿ’ ಎಂಬ ರೀತಿಯ ಪ್ರಶ್ನೆಗೆ ಒಂದೂವರೆ ಪುಟ ಬರೆಯಲು ಬರಬೇಕು. ಹೀಗೆ ಒಂದು ಪಾಠಕ್ಕೆ ಮೂರು ಓದುಗಳಾದವು. ಇವುಗಳಲ್ಲಿ ನಿಮ್ಮ ಗುರಿಯ ಪರೀಕ್ಷೆ ಕೇಳುವ ಓದನ್ನು ಪೂರ್ತಿ ಮಾಡಿ, ಉಪಪರೀಕ್ಷೆ ಕೇಳುವುದನ್ನು ಆ ಪರೀಕ್ಷೆಗೆ 30 ದಿನ ಇರುವಾಗ ಸೇರಿಸಿಕೊಳ್ಳಿ.

ಹಂತ 3: ಅವಧಿಯನ್ನೂ ಕೊನೆಯ ದಿನವನ್ನೂ ಬರೆದಿಡಿ

ಗುರಿ ಒಂದೇ ಇದ್ದರೂ ಅದಕ್ಕೆ ಅವಧಿಯಿಲ್ಲದಿದ್ದರೆ ಓದು ಬಳ್ಳಿಯಂತೆ ಹಬ್ಬುತ್ತಲೇ ಹೋಗುತ್ತದೆ. ನಾನು ಸೂಚಿಸುವುದು ಪೂರ್ಣಾವಧಿ ಓದುವವರಿಗೆ ಎರಡು ವರ್ಷ, ಕೆಲಸದಲ್ಲಿರುವವರಿಗೆ ಮೂರು ವರ್ಷ. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದು ಮನೆಯವರಿಗೂ ತೋರಿಸಿ. ‘ಇಂಥ ತಿಂಗಳವರೆಗೆ ಇದೊಂದನ್ನೇ ಓದುತ್ತೇನೆ, ಆಮೇಲೆ ಫಲಿತಾಂಶ ನೋಡಿ ಕುಳಿತು ಮಾತಾಡೋಣ’ ಎಂದು ಅಪ್ಪ ಅಮ್ಮನಿಗೆ ಸ್ಪಷ್ಟವಾಗಿ ಹೇಳಿದರೆ, ಪ್ರತಿ ಹಬ್ಬಕ್ಕೆ ಊರಿಗೆ ಹೋದಾಗಲೂ ಅದೇ ಪ್ರಶ್ನೆಗೆ ಉತ್ತರ ಕೊಡಬೇಕಾದ ನೋವು ಅರ್ಧದಷ್ಟು ಕಡಿಮೆಯಾಗುತ್ತದೆ. ಮದುವೆಯ ಒತ್ತಡವಿರುವ ಹೆಣ್ಣುಮಕ್ಕಳಿಗಂತೂ ಹೀಗೆ ದಿನಾಂಕ ಹಿಡಿದು ಮಾತಾಡುವುದು ಬಹಳ ನೆರವಾಗುತ್ತದೆ, ಏಕೆಂದರೆ ‘ಇನ್ನೂ ಸ್ವಲ್ಪ ದಿನ’ ಎಂಬ ಮಾತಿಗೆ ಮನೆಯಲ್ಲಿ ಬೆಲೆ ಇರುವುದಿಲ್ಲ, ‘2 ವರ್ಷ’ ಎಂಬುದಕ್ಕೆ ಇರುತ್ತದೆ.

ಖರ್ಚಿನ ಲೆಕ್ಕವೂ ಇದೇ ಹಂತದಲ್ಲಿ ಆಗಬೇಕು. ಕೋಣೆಯ ಬಾಡಿಗೆ, ಮೆಸ್ಸಿನ ಬಿಲ್ಲು, ಓದುಕೋಣೆಯ ಶುಲ್ಕ ಸೇರಿಸಿ ತಿಂಗಳಿಗೆ ಎಷ್ಟಾಗುತ್ತದೆ, ಅದನ್ನು ಕೊನೆಯ ದಿನದವರೆಗೆ ಯಾರು ಭರಿಸುತ್ತಾರೆ ಎಂಬುದು ಗೊತ್ತಿರದಿದ್ದರೆ ಎಂಟನೇ ತಿಂಗಳಿಗೆ ಹಣದ ಚಿಂತೆ ಓದನ್ನು ನುಂಗುತ್ತದೆ. ಹಣದ ಅನುಕೂಲವಿಲ್ಲದವರು ಊರಿನಲ್ಲಿಯೇ ಇದ್ದು ಓದುವುದರಲ್ಲಿ ನಷ್ಟವೇನಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಶಾಲಾ ಪಠ್ಯಗಳು ಕನ್ನಡದಲ್ಲಿಯೇ ಉಚಿತವಾಗಿ ಸಿಗುತ್ತವೆ.

ಹಂತ 4: ವಾರದ ವೇಳಾಪಟ್ಟಿ

ದಿನದ ವೇಳಾಪಟ್ಟಿ ಮೂರನೇ ದಿನಕ್ಕೇ ಮುರಿದುಬೀಳುತ್ತದೆ, ಆದುದರಿಂದ ವಾರದ ಲೆಕ್ಕ ಹಾಕಿ. ವಾರಕ್ಕೆ 36 ಗಂಟೆ ಎಂದಿಟ್ಟುಕೊಂಡರೆ 20 ಗಂಟೆ ಹೊಸ ಪಾಠಕ್ಕೆ, 8 ಗಂಟೆ ಹಳೆಯದರ ಪುನರಾವರ್ತನೆಗೆ, 5 ಗಂಟೆ ಪರೀಕ್ಷೆ ಬರೆದು ತಿದ್ದಿಕೊಳ್ಳುವುದಕ್ಕೆ, 3 ಗಂಟೆ ಪ್ರಚಲಿತ ವಿದ್ಯಮಾನಕ್ಕೆ. ಒಂದು ವಾರಕ್ಕೆ ಎರಡು ವಿಷಯಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಪ್ರಚಲಿತಕ್ಕೆ ದಿನಕ್ಕೆ ಎರಡು ಗಂಟೆ ಕೊಡುವವರನ್ನು ಕಂಡಿದ್ದೇನೆ. ಪತ್ರಿಕೆ ಓದುವುದು ಹಿತವಾದ ಕೆಲಸ, ಓದಿದ ಭಾವನೆಯನ್ನೂ ಕೊಡುತ್ತದೆ, ಆದರೆ ಅದು ಗಡಿಯಾರ ನೋಡಿಕೊಂಡು ಮುಗಿಸಬೇಕಾದ ಕೆಲಸ. ರಾಜ್ಯದ ಬಜೆಟ್ ಮತ್ತು ಆರ್ಥಿಕ ಸಮೀಕ್ಷೆ ಬಂದ ವಾರ ಮಾತ್ರ ಇದಕ್ಕೆ ವಿನಾಯಿತಿ, ಆ ವಾರ ಹತ್ತು ಗಂಟೆ ಕೊಟ್ಟರೂ ನಷ್ಟವಿಲ್ಲ.

ಪ್ರತಿ ವಿಷಯಕ್ಕೆ ಒಂದೇ ಪುಸ್ತಕ. ಎರಡನೆಯ ಪುಸ್ತಕ ಕೊಳ್ಳುವ ಮುನ್ನ ಮೊದಲನೆಯದನ್ನು ಮೂರು ಸಲ ಓದಿರಬೇಕು. ಟೆಲಿಗ್ರಾಂ ಗುಂಪುಗಳಲ್ಲಿ ದಿನವೂ ಬಂದು ಬೀಳುವ ಪಿಡಿಎಫ್‌ಗಳನ್ನು ಇಳಿಸಿಕೊಳ್ಳುವ ಅಭ್ಯಾಸವನ್ನು ದಯವಿಟ್ಟು ನಿಲ್ಲಿಸಿ. ಬೇರೆ ಪರೀಕ್ಷೆಗಳ ಗುಂಪುಗಳಿಂದ ಇಂದೇ ಹೊರಬನ್ನಿ, ಅಧಿಸೂಚನೆಯ ಸುದ್ದಿಗೆ ಆಯಾ ಸಂಸ್ಥೆಯ ಅಧಿಕೃತ ಜಾಲತಾಣವನ್ನು ಭಾನುವಾರಕ್ಕೊಮ್ಮೆ ನೋಡಿದರೆ ಸಾಕು.

ಹಂತ 5: ತಪ್ಪಿನ ಪುಸ್ತಕ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಎರಡು ನೋಟ್‌ಬುಕ್‌ಗಳಲ್ಲಿ ಒಂದರ ಮೇಲೆ ‘ತಪ್ಪು’ ಎಂದು ಬರೆಯಿರಿ. ಪ್ರತಿ ಅಣಕು ಪರೀಕ್ಷೆಯ ನಂತರ ತಪ್ಪಾದ ಪ್ರತಿಯೊಂದು ಪ್ರಶ್ನೆಗೂ ಅದರಲ್ಲಿ ಮೂರು ಸಾಲು ಬರಬೇಕು: ನಾನು ಬರೆದದ್ದು ಏನು, ಸರಿಯುತ್ತರ ಏನು, ತಪ್ಪಿದ್ದು ಏಕೆ. ಉದಾಹರಣೆಗೆ ಹೀಗಿರಲಿ: ‘11ನೇ ಅನುಸೂಚಿಯಲ್ಲಿ ಎಷ್ಟು ವಿಷಯಗಳಿವೆ? ಬರೆದದ್ದು 18. ಸರಿಯುತ್ತರ 29. ಕಾರಣ: ನಗರ ಸ್ಥಳೀಯ ಸಂಸ್ಥೆಗಳ 12ನೇ ಅನುಸೂಚಿಯ 18ರೊಂದಿಗೆ ಗೊಂದಲ.’ ಮೂರನೆಯ ಸಾಲೇ ಮುಖ್ಯವಾದದ್ದು. ಓದಿಯೇ ಇರಲಿಲ್ಲವೇ, ಓದಿ ಮರೆತಿರಾ, ಎರಡರ ನಡುವೆ ಗೊಂದಲವಾಯಿತೇ, ‘ಸರಿಯಲ್ಲದ್ದು ಯಾವುದು’ ಎಂಬ ಪ್ರಶ್ನೆಯನ್ನು ‘ಸರಿಯಾದದ್ದು ಯಾವುದು’ ಎಂದು ಓದಿಕೊಂಡಿರಾ, ಅಥವಾ ಊಹಿಸಿದಿರಾ? ಈ ಐದು ಕಾರಣಗಳಲ್ಲಿ ಒಂದನ್ನು ಬರೆಯಿರಿ. ಎರಡು ತಿಂಗಳಾದ ಮೇಲೆ ಪುಟ ತಿರುವಿ ಎಣಿಸಿದರೆ ನಿಮ್ಮ ಅಂಕಗಳು ಎಲ್ಲಿ ಸೋರಿಹೋಗುತ್ತಿವೆ ಎಂಬುದು ನಿಮ್ಮ ಕೈಬರಹದಲ್ಲಿಯೇ ಕಾಣುತ್ತದೆ. ನಾಲ್ಕು ಪರೀಕ್ಷೆಗಳಿಗೆ ಒಟ್ಟಿಗೆ ಓದುವವರಿಗೆ ಈ ಪುಸ್ತಕ ಇಡುವುದಕ್ಕೇ ಸಾಧ್ಯವಿಲ್ಲ, ಏಕೆಂದರೆ ಅವರ ತಪ್ಪುಗಳು ಒಂದೇ ಮಾದರಿಯಲ್ಲಿ ಸೇರುವುದಿಲ್ಲ. ಒಂದೇ ಪರೀಕ್ಷೆಗೆ ಓದುವುದರ ದೊಡ್ಡ ಲಾಭ ಇದೇ ಎಂದು ನಾನು ನಂಬಿದ್ದೇನೆ.

ಊಹೆಯ ವಿಷಯ ಬಂದಿತಾದ್ದರಿಂದ ಋಣಾತ್ಮಕ ಅಂಕದ (ತಪ್ಪು ಉತ್ತರಕ್ಕೆ ಕಳೆಯುವ ಅಂಕ) ಬಗ್ಗೆಯೂ ಹೇಳಿಬಿಡುತ್ತೇನೆ. ಕೆಎಎಸ್ ಪೂರ್ವಭಾವಿಯಲ್ಲಿ ಪ್ರಶ್ನೆಗೆ 2 ಅಂಕ, ತಪ್ಪಿಗೆ ಅದರ ಕಾಲು ಭಾಗ ಕಡಿತ. ನಾಲ್ಕು ಆಯ್ಕೆಗಳಿರುವ 100 ಪ್ರಶ್ನೆಗಳನ್ನು ಕಣ್ಣುಮುಚ್ಚಿ ಗುರುತಿಸಿದರೆ ಸರಾಸರಿ 25 ಸರಿ, 75 ತಪ್ಪು ಆಗುತ್ತವೆ ಎಂದುಕೊಳ್ಳಿ: 50ರಲ್ಲಿ 37.5 ಕಳೆದು 12.5 ಉಳಿಯುತ್ತದೆ. ಯುಪಿಎಸ್‌ಸಿಯಲ್ಲಿ ಕಡಿತ ಮೂರನೇ ಒಂದು ಭಾಗವಾದ್ದರಿಂದ ಅದೇ ಲೆಕ್ಕದಲ್ಲಿ ಉಳಿಯುವುದು ಹೆಚ್ಚುಕಡಿಮೆ ಸೊನ್ನೆ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಬಲ್ಲಿರಾದರೆ ಎರಡೂ ಕಡೆ ಊಹೆ ಲಾಭಕರವೇ, ಆದರೆ ಲಾಭದ ಪ್ರಮಾಣ ಬೇರೆ. ಯಾವ ಪ್ರಶ್ನೆ ಬಿಡಬೇಕು, ಯಾವುದನ್ನು ಮುಟ್ಟಬೇಕು ಎಂಬ ಈ ಅಂದಾಜು ಒಂದೇ ನಿಯಮದಡಿ ಮೂವತ್ತು ನಲವತ್ತು ಅಣಕು ಪರೀಕ್ಷೆ ಬರೆದಾಗ ಮಾತ್ರ ಕೈಗೆ ಹತ್ತುತ್ತದೆ.

ಹಂತ 6: ಅರ್ಹತಾ ಪತ್ರಿಕೆಗಳನ್ನು ಮರೆಯಬೇಡಿ

ಅರ್ಹತಾ ಪತ್ರಿಕೆ ಎಂದರೆ ಕನಿಷ್ಠ ಅಂಕ ಪಡೆದರೆ ಸಾಕಾಗುವ, ಒಟ್ಟು ಅಂಕಕ್ಕೆ ಸೇರದ ಪತ್ರಿಕೆ. ಯುಪಿಎಸ್‌ಸಿ ಪೂರ್ವಭಾವಿಯ ಎರಡನೇ ಪತ್ರಿಕೆಯಲ್ಲಿ ಶೇ 33, ಮುಖ್ಯ ಪರೀಕ್ಷೆಯ ಭಾಷಾ ಪತ್ರಿಕೆಗಳಲ್ಲಿ ಶೇ 25, ಕೆಎಎಸ್ ಮುಖ್ಯ ಪರೀಕ್ಷೆಯ 150 ಅಂಕಗಳ ಕನ್ನಡ ಮತ್ತು ಇಂಗ್ಲಿಷ್ ಪತ್ರಿಕೆಗಳಲ್ಲಿ ಶೇ 35 ಬೇಕು. ಕೆಪಿಎಸ್‌ಸಿಯ (ಕರ್ನಾಟಕ ಲೋಕಸೇವಾ ಆಯೋಗ) ಗ್ರೂಪ್ ಸಿ ಹುದ್ದೆಗಳ ಕಡ್ಡಾಯ ಕನ್ನಡ ಪರೀಕ್ಷೆಯಲ್ಲಿ 150ಕ್ಕೆ 50 ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಪತ್ರಿಕೆಯನ್ನೂ, ಇಂಗ್ಲಿಷ್ ಮಾಧ್ಯಮದವರು ಕನ್ನಡ ಪತ್ರಿಕೆಯನ್ನೂ ಕೊನೆಯ ತಿಂಗಳಿಗೆ ಬಿಟ್ಟು ಕೈಸುಟ್ಟುಕೊಳ್ಳುತ್ತಾರೆ. ವಾರಕ್ಕೆ ಒಂದು ಪತ್ರ, ಒಂದು ಸಂಕ್ಷಿಪ್ತ ಬರಹ, ಒಂದು ಪ್ಯಾರಾದ ಭಾಷಾಂತರ ಇಷ್ಟನ್ನು ಮೊದಲ ತಿಂಗಳಿನಿಂದಲೇ ಬರೆಯಿರಿ.

ಹಂತ 7: ಕಾಯುವ ಕಾಲವನ್ನು ದಾಟುವುದು

ಓದುವ ಕಾಲಕ್ಕಿಂತ ಕಾಯುವ ಕಾಲದಲ್ಲಿಯೇ ಗುರಿ ಕೈತಪ್ಪುವುದು ಹೆಚ್ಚು. 545 ಪಿಎಸ್‌ಐ ಹುದ್ದೆಗಳ ಲಿಖಿತ ಪರೀಕ್ಷೆ 2021ರ ಅಕ್ಟೋಬರಿನಲ್ಲಿ ನಡೆದು, ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 384 ಹುದ್ದೆಗಳ ಕೆಎಎಸ್ ಪೂರ್ವಭಾವಿ 2024ರ ಆಗಸ್ಟ್ 27ರಂದು ನಡೆದು, ಕನ್ನಡ ಅನುವಾದದ ದೋಷಗಳ ಕಾರಣಕ್ಕೆ ಡಿಸೆಂಬರ್ 29ರಂದು ಮತ್ತೆ ನಡೆಯಿತು. ಪ್ರಾಮಾಣಿಕವಾಗಿ ಓದಿ ಬರೆದವರ ಪಾಲಿಗೆ ಇದು ಎಷ್ಟು ದೊಡ್ಡ ಪೆಟ್ಟು ಎಂಬುದು ಅನುಭವಿಸಿದವರಿಗೇ ಗೊತ್ತು. ಇಂಥ ವಿಳಂಬ ಮುಂದೆಯೂ ಆಗಬಹುದು ಎಂದು ಮೊದಲೇ ಎಣಿಸಿ ಯೋಜನೆ ಮಾಡುವುದೊಂದೇ ನಮ್ಮ ಕೈಯಲ್ಲಿರುವುದು.

ಪರೀಕ್ಷೆ ಮುಂದೂಡಿದ ಸುದ್ದಿ ಬಂದರೆ ಮೂರು ದಿನ ಪುಸ್ತಕ ಮುಚ್ಚಿ ಊರಿಗೆ ಹೋಗಿಬನ್ನಿ. ಬಂದ ಮೇಲೆ ವಾರದ ಗಂಟೆಗಳನ್ನು ಮೂರನೇ ಒಂದಕ್ಕೆ ಇಳಿಸಿ, ಅಷ್ಟನ್ನೂ ಪುನರಾವರ್ತನೆಗೆ ಮತ್ತು ತಪ್ಪಿನ ಪುಸ್ತಕಕ್ಕೆ ಕೊಡಿ, ಹೊಸ ಪಾಠ ಬೇಡ. ಉಳಿದ ಸಮಯದಲ್ಲಿ ಗಳಿಕೆಗೆ ದಾರಿ ಹುಡುಕಿಕೊಳ್ಳಬಹುದು, ಟ್ಯೂಷನ್ ಹೇಳಬಹುದು, ಮನೆಯ ಹೊಲದ ಕೆಲಸಕ್ಕೆ ನಿಲ್ಲಬಹುದು. ಹೊಸ ದಿನಾಂಕ ಪ್ರಕಟವಾದ ದಿನವೇ ಪೂರ್ಣ ಗಂಟೆಗಳಿಗೆ ಮರಳಿ. ಈ ಅವಧಿಯಲ್ಲಿ ಮಾಡಬಾರದ ಒಂದೇ ಕೆಲಸವೆಂದರೆ ‘ಹೇಗೂ ಖಾಲಿ ಇದ್ದೇನೆ’ ಎಂದು ಹೊಂದಿಕೆಯಿಲ್ಲದ ಇನ್ನೊಂದು ಪರೀಕ್ಷೆಯ ಕೋಚಿಂಗಿಗೆ ಹಣ ಕಟ್ಟುವುದು. ಮೂರು ತಿಂಗಳಲ್ಲಿ ಅದೂ ಅರ್ಧವಾಗಿ, ಇದೂ ಮರೆತುಹೋಗಿ, ಎರಡು ದೋಣಿಯಲ್ಲಿ ಕಾಲಿಟ್ಟವರ ಸ್ಥಿತಿಯಾಗುತ್ತದೆ.

ನಡುವೆ ಉಪಪರೀಕ್ಷೆಯಲ್ಲಿ ಕೆಲಸ ಸಿಕ್ಕರೆ ಸೇರಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಸೇರಿ. ಸಂಬಳ ಬರತೊಡಗಿದರೆ ಮನೆಯ ಒತ್ತಡ ಇಳಿಯುತ್ತದೆ, ವಾರಕ್ಕೆ 22 ಗಂಟೆಯ ಲೆಕ್ಕಕ್ಕೆ ಬಂದರೂ ಗುರಿ ಅದೇ ಇರುತ್ತದೆ. ಮುಂದಿನ ಪರೀಕ್ಷೆಗೆ ಅರ್ಜಿ ಹಾಕುವ ಮುನ್ನ ಇಲಾಖೆಯ ಅನುಮತಿಯ ನಿಯಮವನ್ನು ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ, ದಾಖಲೆ ಪರಿಶೀಲನೆಯ ದಿನ ನಿರಾಕ್ಷೇಪಣಾ ಪತ್ರವಿಲ್ಲದೆ ಒದ್ದಾಡುವವರಿದ್ದಾರೆ.

ಹಂತ 8: ಕೊನೆಯ ದಿನ ಬಂದಾಗ

ಕ್ಯಾಲೆಂಡರಿನಲ್ಲಿ ಬರೆದಿಟ್ಟ ದಿನ ಬಂದಾಗ ಮೂರು ಕಾಗದಗಳನ್ನು ಮುಂದಿಟ್ಟುಕೊಳ್ಳಿ: ನಿಮ್ಮ ಅಂಕಪಟ್ಟಿ, ನಿಮ್ಮ ಪ್ರವರ್ಗದ ಕಟ್ ಆಫ್, ಕಳೆದ ಆರು ತಿಂಗಳ ಅಣಕು ಪರೀಕ್ಷೆಗಳ ಅಂಕ. ಕಟ್ ಆಫ್‌ಗೂ ನಿಮಗೂ ಇರುವ ಅಂತರ ಒಂದು ಪ್ರಯತ್ನದಿಂದ ಇನ್ನೊಂದಕ್ಕೆ ಕಿರಿದಾಗುತ್ತಿದ್ದರೆ ಇನ್ನೊಂದು ವರ್ಷ ಕೊಡುವುದು ನ್ಯಾಯ. ಅಂತರ ಎರಡು ಪ್ರಯತ್ನಗಳಲ್ಲಿಯೂ ಹಾಗೆಯೇ ಉಳಿದಿದ್ದರೆ, ಓದಿದ ವಿಷಯಗಳು ಅತಿ ಹೆಚ್ಚು ಬಳಕೆಯಾಗುವ ಬೇರೆ ಪರೀಕ್ಷೆಯನ್ನು ಹಂತ 2ರ ಹಾಳೆಯಿಂದಲೇ ಆರಿಸಿಕೊಂಡು, ಹೊಸ ಅವಧಿ ಬರೆದು, ಮತ್ತೆ ಅದೊಂದಕ್ಕೇ ಓದಿ. ಈ ನಿರ್ಧಾರವನ್ನು ಫಲಿತಾಂಶ ಬಂದ ರಾತ್ರಿ ಮಾಡಬೇಡಿ. ಕನಿಷ್ಠ ಹದಿನೈದು ದಿನ ಬಿಟ್ಟು, ನಿಮ್ಮ ಓದನ್ನು ಹತ್ತಿರದಿಂದ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮೂರು ಕಾಗದಗಳನ್ನು ನೋಡಿ. ತಪ್ಪಿನ ಪುಸ್ತಕವನ್ನು ಮಾತ್ರ ಯಾವ ಕಾರಣಕ್ಕೂ ರದ್ದಿಗೆ ಹಾಕಬೇಡಿ, ಮುಂದಿನ ಪರೀಕ್ಷೆ ಯಾವುದೇ ಆದರೂ ಅದರ ಅರ್ಧದಷ್ಟು ಪುಟಗಳು ಅಲ್ಲಿಯೂ ಬೇಕಾಗುತ್ತವೆ.